ಅಪ್‌ಡೇಟ್: ಶಿವಾ (ಯಹೂದಿಗಳ 7 ದಿನದ ಶೋಕ) ಸಮಯದಲ್ಲಿ ಅಜ್ಜಿಯ ಸ್ನಾನ ಮತ್ತು ಈಜುಕೊಳ

ಇಸ್ರೇಲಿನ ಹೈಫಾದಲ್ಲಿ ನಾನು ನೋಡಿಕೊಳ್ಳುವ ಅಜ್ಜಿಯ ಅಣ್ಣ ತೀರಿಕೊಂಡಿದ್ದರು. ಸ್ನಾನ ಮಾಡಿಸಬಹುದಾ, ಸೊಂಟದ ನೋವಿಗೆ ಡಾಕ್ಟರು ಹೇಳಿದ ನೀರಿನ ವ್ಯಾಯಾಮ ನಿಲ್ಲಿಸಬೇಕಾ ಅಂತ ಇಲ್ಲಿ ಕೇಳಿದ್ದೆ, ಅಲ್ವಾ?

"7 ದಿನ ನೀರೇ ಮುಟ್ಟುವಂತಿಲ್ಲ" ಎಂದವರ ಮಾತು ಸರಿಯಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವ ಸಲಹೆ ಒಂದೇ ದಿನಕ್ಕೆ ಸಾಕಾಯ್ತು. ಮಡಿಕೆಗಳಲ್ಲಿ ಚರ್ಮ ಕೆಂಪಾಗಿ ಉರಿಯತೊಡಗಿತು. ಕೆಲಸಕ್ಕೆ ಬಂದದ್ದು ಮಂಗಳೂರಿನ ಅಕ್ಕ ಹೇಳಿದ್ದು: "ನೀನು ತೀರ್ಮಾನ ಮಾಡಬೇಡ, ಅಜ್ಜಿಯ ಮಗಳ ಕೈಲಿ ರಬ್ಬಿಗೆ (ಯಹೂದಿ ಧರ್ಮಗುರು) ಫೋನ್ ಮಾಡಿಸು."

ರಬ್ಬಿ ಹೇಳಿದ್ದು ಇಷ್ಟು. ಶಿವಾದಲ್ಲಿ ಬೇಡದ್ದು ಸುಖಕ್ಕಾಗಿ ಮಾಡುವ ಸ್ನಾನ. ಕೈ, ಕಾಲು, ಮುಖ ತಣ್ಣೀರಲ್ಲಿ ತೊಳೆಯಬಹುದು. ಕೊಳೆ ಇದ್ದರೆ ಸೋಪೂ ಸರಿ. ಕಾಯಿಲೆಯವರಿಗೆ ಬೆಚ್ಚಗಿನ ನೀರೂ ಆಗುತ್ತದೆ. ಹಾಗಾಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಭಾಗ ಭಾಗವಾಗಿ ಬೇಗ ತೊಳೆದೆ. ಅಜ್ಜಿಗೂ ಸಮಾಧಾನ.

ಈಜುಕೊಳದ್ದು ಬೇರೆ. ಶಿವಾ ಮುಗಿಯುವ ತನಕ ಮನೆಯಲ್ಲೇ. ಆಮೇಲೆ ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಹೋಗಬಹುದು, ಗೆಳತಿಯರ ಜೊತೆ ಸುಮ್ನೆ ಈಜೋದು ಮಾತ್ರ ಅಂತ್ಯಕ್ರಿಯೆ ಆಗಿ 30 ದಿನ ಕಳೆದ ಮೇಲೆ. ಇದರಲ್ಲಿ ಮನೆತನದ ಪದ್ಧತಿ ಬೇರೆ ಬೇರೆ ಇರುತ್ತದೆ, ಅವರವರ ರಬ್ಬಿಯನ್ನೇ ಕೇಳಿ.

ನಮ್ಮ ಕಡೆ ಸಾವಿನ ಮನೆಯಿಂದ ಬಂದರೆ ಮೊದಲು ಸ್ನಾನ, ಇಲ್ಲಿ ತದ್ವಿರುದ್ಧ! ಆದರೆ ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಒಂದು ಕಥೆ ಇದೆಯಂತೆ. ರಬ್ಬಾನ್ ಗಮ್ಲಿಯೇಲ್ ಎಂಬ ಹಳೇ ಕಾಲದ ಧರ್ಮಗುರು, ತಮ್ಮ ಹೆಂಡತಿ ತೀರಿದ ಮೊದಲ ರಾತ್ರಿಯೇ ಸ್ನಾನ ಮಾಡಿದರಂತೆ. ಶಿಷ್ಯರು ಕೇಳಿದ್ದಕ್ಕೆ, ತನ್ನ ಮೈ ನಾಜೂಕು, ಎಲ್ಲರಂತಲ್ಲ ಎಂದರಂತೆ. ಇದನ್ನು ಹೇಳಿದ್ದು ಅಜ್ಜಿಯೇ, ಬೆನ್ನು ತೊಳೆಸಿಕೊಳ್ಳುತ್ತಾ.