ಕುಲುಮೆಯ ಕೊಳವೆಗೆ ನಾರು ಸೇರಿಸಿದ ಸೆರಾಮಿಕ್: ಬಳಸಿ ಗೊತ್ತಿರುವವರು ಹೇಳಿ

ಪ್ರಶ್ನೆ: ನಮ್ಮ ಗ್ಯಾಸ್ ಕುಲುಮೆಯ ಜ್ವಾಲೆ ಕೊಳವೆ ಬರೀ ಅಲ್ಯುಮಿನಾದ್ದು (ಅಲ್ಯುಮಿನಿಯಂ ಆಕ್ಸೈಡ್ ಸೆರಾಮಿಕ್). ಉಷ್ಣತೆ ಹೆಚ್ಚೆಂದರೆ 1,050 ಡಿಗ್ರಿ ಸೆಲ್ಸಿಯಸ್. ದಿನವೂ ಕಾದು ಆರುವುದರಿಂದ ಬಿರುಕು ಬಿಟ್ಟು, ಒಂದು ದಿನ ಇದ್ದಕ್ಕಿದ್ದಂತೆ ಒಡೆದುಹೋಗುತ್ತದೆ. ಸಿಲಿಕಾನ್ ಕಾರ್ಬೈಡ್ ನಾರಿನ ಕಾಂಪೊಸಿಟ್ (ಸೆರಾಮಿಕ್ ಒಳಗೆ ನಾರು ಹುದುಗಿಸಿದ ವಸ್ತು) ಹಾಕಿಸಿ ಎನ್ನುತ್ತಿದ್ದಾರೆ. ಸರಿಯೇ?

ಉತ್ತರ: ಉಷ್ಣತೆಗಿಂತ ಮೊದಲು ಒಳಗೆ ಯಾವ ಅನಿಲ ಇದೆ ಎಂದು ನೋಡಿ ಸರ್. ಗ್ಯಾಸ್ ಉರಿದರೆ ನೀರಾವಿ ಬಂದೇ ಬರುತ್ತದೆ. ಸಿಲಿಕಾನ್ ಕಾರ್ಬೈಡ್‌ನ ಮೇಲೆ ತಾನಾಗಿ ಬೆಳೆಯುವ ಸಿಲಿಕಾ ಪದರವೇ ಅದಕ್ಕೆ ರಕ್ಷಣೆ. ಬಿಸಿ ನೀರಾವಿ ಆ ಸಿಲಿಕಾವನ್ನು ಸಿಲಿಕಾನ್ ಹೈಡ್ರಾಕ್ಸೈಡ್ ಅನಿಲವಾಗಿಸಿ ಒಯ್ದುಬಿಡುತ್ತದೆ. ಉಷ್ಣತೆ, ಒತ್ತಡ, ಅನಿಲದ ವೇಗ ಏರಿದಷ್ಟೂ ಸವೆತ ಜಾಸ್ತಿ.

ಇನ್ನೊಂದು ವಿಷಯಕ್ಕೆ ಜನ ಗಮನವನ್ನೇ ಕೊಡುವುದಿಲ್ಲ. ನಾರು ಹಾಕಿದ್ದಕ್ಕೇ ಸೆರಾಮಿಕ್ ಗಟ್ಟಿಯಾಗುವುದಿಲ್ಲ. ನಾರು ಮ್ಯಾಟ್ರಿಕ್ಸ್‌ಗೆ, ಎಂದರೆ ಸುತ್ತಲಿನ ಸೆರಾಮಿಕ್ಕಿಗೆ, ಬಿಗಿಯಾಗಿ ಅಂಟಿಕೊಂಡರೆ ಬಿರುಕು ನಾರನ್ನೂ ಸೀಳಿಕೊಂಡು ನೇರ ಹೋಗುತ್ತದೆ, ಆಗ ಅದು ಬರೀ ಅಲ್ಯುಮಿನಾದಂತೆಯೇ ಒಡೆಯುತ್ತದೆ. ಹಾಗಾಗಿ ನಾರಿಗೆ ಬೋರಾನ್ ನೈಟ್ರೈಡ್‌ನ ತೆಳು ಲೇಪ ಕೊಡುತ್ತಾರೆ. ಬಿರುಕು ಅಲ್ಲಿ ದಿಕ್ಕು ಬದಲಿಸಿ ನಾರಿನ ಉದ್ದಕ್ಕೂ ಹರಿಯುತ್ತದೆ, ನಾರುಗಳು ಜಾರುತ್ತಾ ಭಾರ ಹೊರುತ್ತವೆ. ಆದರೆ ಬಿರುಕಿನ ಮೂಲಕ ಆಮ್ಲಜನಕವೂ ನೀರಾವಿಯೂ ಒಳಹೊಕ್ಕರೆ ಆ ಲೇಪವೇ ಹಾಳು. ಇದು 700–900 ಡಿಗ್ರಿಯ ಆಸುಪಾಸಿನಲ್ಲೇ ಕಾಡುತ್ತದೆ, ಏಕೆಂದರೆ ಬಿರುಕಿನ ಬಾಯಿ ಮುಚ್ಚುವಷ್ಟು ಸಿಲಿಕಾ ಆ ಬಿಸಿಯಲ್ಲಿ ಬೇಗ ಬೆಳೆಯುವುದಿಲ್ಲ. ನಿಮ್ಮ ಕೊಳವೆ ದಿನವೂ ಈ ವ್ಯಾಪ್ತಿಯನ್ನು ಎರಡು ಸಲ ದಾಟುತ್ತದೆ!

ನಾನಾದರೆ ಆಕ್ಸೈಡ್–ಆಕ್ಸೈಡ್ ಕಾಂಪೊಸಿಟ್ ಆರಿಸುತ್ತೇನೆ: ಅಲ್ಯುಮಿನಾ ಇಲ್ಲವೇ ಮುಲ್ಲೈಟ್ (ಅಲ್ಯುಮಿನಾ–ಸಿಲಿಕಾ ಸಂಯುಕ್ತ) ಬೆರೆತ ಅಲ್ಯುಮಿನಾ ನಾರು, ಸೂಕ್ಷ್ಮ ರಂಧ್ರಗಳಿರುವ ಆಕ್ಸೈಡ್ ಮ್ಯಾಟ್ರಿಕ್ಸ್. ರಂಧ್ರಗಳೇ ಬಿರುಕನ್ನು ತಿರುಗಿಸುವುದರಿಂದ ಲೇಪ ಬೇಕಿಲ್ಲ. ಮೊದಲೇ ಆಕ್ಸೈಡ್ ಆದ್ದರಿಂದ ಮತ್ತೆ ಉತ್ಕರ್ಷಣವಾಗುವ ಭಯವೂ ಇಲ್ಲ. ಭಾರ ಬಿದ್ದರೆ 1,050ರಲ್ಲಿ ಶುದ್ಧ ಅಲ್ಯುಮಿನಾ ನಾರು ನಿಧಾನವಾಗಿ ಎಳೆದುಕೊಂಡು ಉದ್ದವಾಗುತ್ತದೆ, ಮುಲ್ಲೈಟ್ ಇರುವುದನ್ನೇ ಕೇಳಿ.

ಉತ್ತರ: ವಿಮಾನದ ಎಂಜಿನ್‌ನಲ್ಲಿ ಸಿಲಿಕಾನ್ ಕಾರ್ಬೈಡ್ ನಡೆಯುತ್ತದಲ್ಲ ಎಂದು ಯಾರಾದರೂ ವಾದಿಸಬಹುದು. ನಿಜ, 2016ರಲ್ಲಿ ಸೇವೆಗೆ ಬಂದ ಲೀಪ್ ಎಂಜಿನ್‌ನ ಟರ್ಬೈನ್ ಶ್ರೌಡ್ (ಟರ್ಬೈನ್ ಅಲಗುಗಳ ಸುತ್ತಲಿನ ಬಳೆ) ಸಿಲಿಕಾನ್ ಕಾರ್ಬೈಡ್ ಕಾಂಪೊಸಿಟ್ಟೇ. ತೂಕ ನಿಕಲ್ ಮಿಶ್ರಲೋಹದ ಮೂರನೇ ಒಂದರಷ್ಟು, ತಂಪಾಗಿಸುವ ಗಾಳಿಯೂ ಕಡಿಮೆ ಸಾಕು. ಆದರೆ ಅಂಥ ಭಾಗಗಳಿಗೆ ನೀರಾವಿ ತಡೆಯುವ ಪ್ರತ್ಯೇಕ ಲೇಪನ ಕೊಟ್ಟಿರುತ್ತಾರೆ. ನಿಂತಲ್ಲೇ ಇರುವ ಕೊಳವೆಗೆ ತೂಕದ ಲಾಭದಿಂದ ಆಗಬೇಕಾದ್ದೇನಿದೆ?

ಉತ್ತರ: ನಾನು ಜೋಡಣೆ ನೋಡಿಕೊಳ್ಳುವವನು. ಲೋಹದ ಫ್ಲ್ಯಾಂಜ್‌ಗೆ (ಕೊಳವೆಯನ್ನು ಕೂಡಿಸುವ ಅಂಚಿನ ಬಳೆ) ಬಿಗಿಯಾಗಿ ಬೋಲ್ಟ್ ಹಾಕಬೇಡಿ. ಬಿಸಿಗೆ ಲೋಹ ಹೆಚ್ಚು ಹಿಗ್ಗುತ್ತದೆ, ಕಾಂಪೊಸಿಟ್ ಅಷ್ಟು ಹಿಗ್ಗುವುದಿಲ್ಲ. ದೊಡ್ಡ ರಂಧ್ರ ಬಿಟ್ಟು ಸ್ಪ್ರಿಂಗ್‌ನಿಂದ ಒತ್ತಿ ಹಿಡಿಸಿ, ಸ್ಪ್ರಿಂಗ್ ಮಾತ್ರ ಬಿಸಿಯಿಂದ ದೂರವಿರಲಿ. ಕೊರೆಯುವುದಕ್ಕೆ ವಜ್ರದ ಉಪಕರಣವೇ ಬೇಕು. ಪದರ ಪದರವಾಗಿ ಬಿಡಿಸಿಕೊಳ್ಳುವುದು ಈ ವಸ್ತುವಿನ ದೊಡ್ಡ ದೌರ್ಬಲ್ಯ, ಹಾಗಾಗಿ ಕೊರೆದಾದ ಮೇಲೆ ರಂಧ್ರದ ಸುತ್ತ ಎಕ್ಸ್‌ರೇ ಸಿಟಿ ಸ್ಕ್ಯಾನ್ ಮಾಡಿಸಿಯೇ ಕೂರಿಸಿ.