ಮರದ ಕೆಳಗಿನ ಬಿಸಿಲಿನ ಚುಕ್ಕಿಗಳು ದುಂಡಗೆ ಯಾಕಿರುತ್ತವೆ?

ಅಲೆಮಾರಿ:
ಮಧ್ಯಾಹ್ನ ಸುಮ್ನೆ ಮರದ ಕೆಳಗೆ ನಿಂತಿದ್ದೆ. ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ದುಂಡಗೆ! ತಲೆ ಎತ್ತಿ ನೋಡಿದರೆ ಎಲೆಗಳ ನಡುವಿನ ಸಂದಿ ಒಂದೂ ದುಂಡಗಿಲ್ಲ, ಎಲ್ಲಾ ಅಂಕುಡೊಂಕು. ಇದು ಹೇಗೆ? ನಿಮಗೂ ಇಂಥದ್ದೇನಾದರೂ ಕಣ್ಣಿಗೆ ಬಿದ್ದಿದೆಯಾ?

ನೀಲಿಕೊಡೆ:
ಅದು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ. ಸಂದಿ ಚಿಕ್ಕದಾಗಿದ್ದು ನೆಲ ದೂರ ಇದ್ದರೆ ಅದು ಪಿನ್‌ಹೋಲ್ ಕ್ಯಾಮೆರಾ (ಮಸೂರವಿಲ್ಲದೆ ಬರೀ ಸಣ್ಣ ತೂತಿನಿಂದ ಚಿತ್ರ ಮೂಡಿಸುವ ಕ್ಯಾಮೆರಾ) ಆಗಿಬಿಡುತ್ತದೆ. ಪಾರ್ಶ್ವ ಸೂರ್ಯಗ್ರಹಣದ ಹೊತ್ತಿಗೆ ಅಲ್ಲೇ ನಿಂತು ನೋಡಿ, ನೆಲದ ತುಂಬಾ ಬಿದಿಗೆ ಚಂದ್ರನಂಥ ಚುಕ್ಕಿಗಳು. (ನೆಲ ಮಾತ್ರ ನೋಡಿ, ಬರಿಗಣ್ಣಲ್ಲಿ ಸೂರ್ಯನನ್ನಲ್ಲ!)

ಚಿಗುರು:
ಗ್ರಹಣ ಅಂದಿರಲ್ಲ, ನಿಜವಾದ ಕಾಕತಾಳೀಯ ಅಲ್ಲಿದೆ. ಸೂರ್ಯನ ಅಡ್ಡಳತೆ ಚಂದ್ರನದಕ್ಕಿಂತ ಸುಮಾರು 400 ಪಟ್ಟು, ದೂರವೂ ಹೆಚ್ಚುಕಡಿಮೆ 400 ಪಟ್ಟು, ಅದಕ್ಕೇ ಎರಡೂ ನಮಗೆ ಒಂದೇ ಗಾತ್ರ ಕಾಣುವುದು. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ, ಮುಂದೆಂದೋ ಸೂರ್ಯನನ್ನು ಪೂರ್ತಿ ಮುಚ್ಚಲಾರದಷ್ಟು ಚಿಕ್ಕದಾಗಿ ಕಾಣುತ್ತಾನೆ, ಹಾಗಾಗಿ ನಾವು ಒಳ್ಳೆ ಸಮಯಕ್ಕೇ ಬಂದಿದ್ದೇವೆ, ಅಲ್ವಾ?

ಹುಲ್ಲುಗರಿ:
ನನ್ನದು ತೀರಾ ಸಣ್ಣದು. ಬೆಳಗ್ಗೆ ಹುಲ್ಲಿನ ಮೇಲೆ ಕಾಣುವ ಹನಿಗಳೆಲ್ಲ ಇಬ್ಬನಿ ಅಲ್ಲ. ರಾತ್ರಿ ಬೇರು ಹೀರಿದ ನೀರು ಜಾಸ್ತಿಯಾದರೆ ಗರಿಯ ತುದಿಯಿಂದ ಹೊರಗೆ ಬರುತ್ತದೆ. ಪ್ರತಿ ತುದಿಯಲ್ಲೂ ಒಂದೊಂದೇ ಹನಿ, ಉಳಿದ ಗರಿ ಒದ್ದೆಯಾಗಿರದಿದ್ದರೆ ಬಹುಶಃ ಅದೇ.