ಅಪ್ಪನ ಹಾರ್ಟ್ ಗುಳಿಗೆಗಳು: ಮನೆಯಲ್ಲಿ ನೀವು ಹೇಗೆ ನೋಡಿಕೊಂಡಿರಿ?

ಅಪ್ಪನಿಗೆ 68 ವರ್ಷ. ಹಾರ್ಟ್ ಪಂಪಿಂಗ್ ಕಡಿಮೆ ಇದೆ. ಹೋದ ವಾರ ಡಿಸ್ಚಾರ್ಜ್ ಆಗಿ ಕಲಬುರಗಿಯ ಮನೆಗೆ ಬಂದಿದ್ದಾರೆ. ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಗುಳಿಗೆ), ಆಲ್ಡಾಕ್ಟೋನ್, ರಾಮಿಪ್ರಿಲ್, ಮೆಟೊಪ್ರೊಲಾಲ್, ಡಿಗಾಕ್ಸಿನ್ ನಡೆದಿವೆ. ನೋಡಿಕೊಳ್ಳೋಕೆ ನಾನೊಬ್ಬಳೇ. ಅನುಭವ ಇದ್ದವರು ಹೇಳಿ.

ಹಾರ್ಟ್ ವಾರ್ಡಿನ ನರ್ಸ್, ಕಲಬುರಗಿ

ತಂಗಿ, ಮೊದಲು ಒಂದು ತೂಕದ ಮಷಿನ್ ತಗೊಳ್ಳಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಹಾ ಕುಡಿಯೋ ಮೊದಲೇ, ದಿನಾ ಅದೇ ಥರದ ಬಟ್ಟೆಯಲ್ಲಿ ನಿಲ್ಲಿಸಿ. ತೂಕವನ್ನು ಕ್ಯಾಲೆಂಡರ್ ಮೇಲೆ ಬರೆಯಿರಿ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ಮೈಯಲ್ಲಿ ನಿಂತ ನೀರು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡಿ. ಕುಳಿ ಬಿದ್ದು ಹಾಗೇ ಉಳಿದರೆ ಬಾವು ಇದೆ ಅಂತ ಅರ್ಥ. ಉಸಿರು ಕಟ್ಟುವ ತನಕ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಲಗಿದರೆ ದಮ್ಮು ಬರುತ್ತದೆ, ಎರಡು ದಿಂಬು ಬೇಕು ಅಂದರೂ ಅಷ್ಟೇ.

ಡಿಗಾಕ್ಸಿನ್ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. 60ಕ್ಕಿಂತ ಕಡಿಮೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಊಟ ಸೇರದಿದ್ದರೆ, ವಾಂತಿ ಬಂದರೆ, ಕಣ್ಣಿಗೆ ಎಲ್ಲಾ ಹಳದಿ ಕಂಡರೆ ಅದನ್ನೂ ತಿಳಿಸಿ. ಲ್ಯಾಸಿಕ್ಸ್ ರಾತ್ರಿ ಬೇಡ, ನಿದ್ದೆಗೆಟ್ಟು ಬಾತ್‌ರೂಮಿಗೆ ಓಡುವಾಗ ಬೀಳುತ್ತಾರೆ. ಆರಾಮ ಆಯ್ತು ಅಂತ ಮೆಟೊಪ್ರೊಲಾಲ್ ಒಮ್ಮೆಲೇ ನಿಲ್ಲಿಸಬೇಡಿ.

ಆಳಂದದಿಂದ ಒಬ್ಬ ಮಗ

ಅಕ್ಕಾ, ನಮ್ಮ ಅವ್ವನ ವಿಷಯದಲ್ಲಿ ನಾವು ಎಡವಿದ್ದು ಉಪ್ಪಿನಲ್ಲಿ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿದೆವು. ಆದರೆ ರೊಟ್ಟಿ ಪಕ್ಕದಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಹಪ್ಪಳ ದಿನಾ ಇದ್ದವು. ಕಾಲು ಬಾತಾಗ ಗೊತ್ತಾಯಿತು. ಈಗ ಹಿಂಡಿಯನ್ನು ಉಪ್ಪಿಲ್ಲದೆ, ಬೆಳ್ಳುಳ್ಳಿ ಜಾಸ್ತಿ ಹಾಕಿ ಕುಟ್ಟುತ್ತೇವೆ. ಅವ್ವ ಮೊದಲ ವಾರ ಗೊಣಗಿದರು, ಆಮೇಲೆ ರೂಢಿ ಆಯಿತು.

ಲೋ ಸೋಡಿಯಂ ಉಪ್ಪು ಒಳ್ಳೆಯದು ಅಂತ ತಂದಿದ್ದೆ. ಡಾಕ್ಟರ್ ಬೇಡವೇ ಬೇಡ ಅಂದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಆಲ್ಡಾಕ್ಟೋನ್, ರಾಮಿಪ್ರಿಲ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಹೃದಯದ ಬಡಿತ ತಪ್ಪಬಹುದು. ಮಂಡಿ ನೋವಿಗೆ ಮೆಡಿಕಲ್‌ನಿಂದ ಸುಮ್ನೆ ಡೈಕ್ಲೋಫೆನಾಕ್ ತಂದು ಕೊಡಬೇಡಿ, ಅದು ನೀರು ನಿಲ್ಲಿಸುತ್ತದೆ, ಕಿಡ್ನಿಗೂ ಹೊಡೆತ.

ಸೇಡಂನಿಂದ

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ? ವಾಂತಿ, ಭೇದಿ ಆದ ದಿನ ಲ್ಯಾಸಿಕ್ಸ್ ಕೊಡಬೇಕೋ ಬೇಡವೋ ಕೇಳಿಕೊಳ್ಳಿ. ನೀರು ಎಷ್ಟು ಕುಡಿಯಬಹುದು ಅಂತಲೂ ಮೊದಲೇ ಕೇಳಿ. ಹಾಸಿಗೆಯಿಂದ ಏಳುವಾಗ ಅಪ್ಪನನ್ನು ಎರಡು ನಿಮಿಷ ಕೂರಿಸಿ, ತಲೆ ತಿರುಗುತ್ತದೆ.

ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಡುಗೆಮನೆಯಲ್ಲಿದ್ದ ಲೋ ಸೋಡಿಯಂ ಪ್ಯಾಕೆಟ್ ತೆಗೆದಿಟ್ಟೆ. ಅಪ್ಪನ ನಾಡಿ ಈಗಷ್ಟೇ ಎಣಿಸಿದೆ, 72 ಇದೆ.